ಬಂಗುಡೆಯ ಸ್ವರ

ಕಳಿಸಿಯಾಯಿತು.
ಮೂರು ಊರಿಗೆ ಮೂರು ವಿಡಿಯೊ.
ಕತ್ತರಿಸಬಾರದು, ಜೋಡಿಸಬಾರದು,
ಕೈ ಮತ್ತು ಮುಖ ಒಟ್ಟಿಗೆ ಕಾಣಬೇಕು.
ಪಾಸ್‌ಪೋರ್ಟಿನವರೂ ಇಷ್ಟು ಕೇಳಿರಲಿಲ್ಲ.

ರೆಕಾರ್ಡು ಮಾಡಿದ್ದು ಇಗರ್ಜಿಯ ಹಾಲ್‌ನಲ್ಲಿ,
ಯಾರದೋ ರೋಸಿಗೂ ಇನ್ಯಾರದೋ ಮದುವೆಗೂ ನಡುವೆ
ಖಾಲಿ ಸಿಕ್ಕ ಒಂದು ಮಂಗಳವಾರ.
ಲಿಗೋರಿ ಅಂಕಲ್ ಬೆಳಕು ಹರಿಯುವ ಮೊದಲೇ ಬಂದು
ಪಿಯಾನೊದ ಹೊಟ್ಟೆ ಬಿಚ್ಚಿ ಶ್ರುತಿ ಮಾಡಿದ್ದರು.
"ಕಡಲ ಗಾಳಿ. ನಾಲ್ಕು ಗಂಟೆ ನಿಂತೀತು.
ಆಮೇಲೆ ದೇವರುಂಟು."
ಮೇಲಿನ ಡಿ ಒತ್ತಿದರೆ ಏಳುವುದಿಲ್ಲ,
ಜುಲೈಯಿಂದ ಮಲಗಿದೆ.
ಅದನ್ನು ಕಿರುಬೆರಳಲ್ಲಿ ಎಬ್ಬಿಸಿಕೊಂಡು ನುಡಿಸುವುದು
ನನ್ನದೇ ವಿದ್ಯೆ; ಯಾವ ಅರ್ಜಿಯಲ್ಲೂ
ಅದಕ್ಕೊಂದು ಕಾಲಂ ಇರಲಿಲ್ಲ.

ಐದನೇ ಸಲ ಎಲ್ಲ ಸರಿ ಬಂತು.
ನಿಧಾನದ ಭಾಗ ಮುಗಿಯುವ ಸ್ವಲ್ಪ ಮೊದಲು
ಬರೆದವನು ಏನೂ ಬರೆಯದೆ ಬಿಟ್ಟ ಜಾಗ ಒಂದುಂಟು.
ಕೈ ಎತ್ತಿ ಸುಮ್ಮನೆ ಕೂರಬೇಕು.
ಕೂತೆ.
ಹೊರಗೆ ರಸ್ತೆಯಲ್ಲಿ ಅಬ್ಬೋನು ಬ್ಯಾರಿಯ ಮೀನಿನ ಸ್ಕೂಟರು:
ಪೋಂಯ್.

ಆರು, ಏಳು, ಎಂಟು. ಯಾವುದೂ ಆಗಲಿಲ್ಲ.
ಐದನೆಯದನ್ನೇ ಕಳಿಸಿದೆ.

ಡಿಸೆಂಬರ್ ಹೇಗೋ ಹೋಯಿತು, ಕ್ರಿಸ್ಮಸ್ಸಿನ ಕ್ವಾಯರ್ ಇತ್ತು.
ಜನವರಿಯಲ್ಲಿ ಮಮ್ಮಿ ಬಿಕರ್ನಕಟ್ಟೆಗೆ ಹೋಗಿ
ಮೂರು ಮೊಂಬತ್ತಿ ಹಚ್ಚಿ ಬಂದರು,
ಯಾವುದು ಯಾವ ಊರಿಗೆಂದು ಹೇಳಲಿಲ್ಲ.
ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಏಳಕ್ಕೆ ಬಂದವರು
ಬಾಯಿ ಬಿಟ್ಟು ಕೇಳುವುದೇ ಇಲ್ಲ.
ಚಹಾಕ್ಕೆ ಸಕ್ಕರೆ ಹಾಕುವ ಮೊದಲು
ನನ್ನ ಮುಖ ನೋಡುತ್ತಾರೆ,
ಥರ್ಮಾಮೀಟರ್ ನೋಡಿದ ಹಾಗೆ.

ಶನಿವಾರದ ಮಕ್ಕಳಿಗೆ ಮಾತ್ರ ನಾನು ಈಗಲೂ ಟೀಚರ್.
ರೆನಿಲ್ ಮೌನಗಳನ್ನೆಲ್ಲ ಹಾರಿಸಿ ಓಡುತ್ತಾನೆ.
"ಎಣಿಸು ಮಾರಾಯ, ನುಡಿಸದಿರುವುದನ್ನೂ ಎಣಿಸಬೇಕು"
ಎನ್ನುತ್ತೇನೆ. ಎಂದವಳು
ಮೇಜಿನಡಿಯಲ್ಲಿ ಫೋನ್ ತಿರುಗಿಸಿ ನೋಡುತ್ತೇನೆ.

ಮೊದಲನೆಯದು ಬಂದದ್ದು ಸ್ಟೇಟ್‌ಬ್ಯಾಂಕಿನ ಬಸ್ಸಿನಲ್ಲಿ,
ಹಂಪನಕಟ್ಟೆಯ ಸಿಗ್ನಲ್ ಹತ್ತಿರ.
ವಿಷಾದಿಸುತ್ತೇವೆ. ಈ ವರ್ಷ ಅರ್ಜಿಗಳ ಮಟ್ಟ, ಇತ್ಯಾದಿ.
ಅರ್ಧದಲ್ಲೇ ಫೋನ್ ಬ್ಯಾಗಿಗೆ ಹಾಕಿದೆ.
ಕಂಡಕ್ಟರ್ ನಾಲ್ಕು ರೂಪಾಯಿ ಚಿಲ್ಲರೆ ಕೊಡಬೇಕಿತ್ತು.
ಕೇಳಲಿಲ್ಲ.

ಎರಡನೆಯದು ಪವಿತ್ರ ಗುರುವಾರ.
ಅಂದು ಗ್ಲೋರಿಯಾ ಮುಗಿದ ಮೇಲೆ ಆರ್ಗನ್ ಮುಟ್ಟುವಂತಿಲ್ಲ,
ಶನಿವಾರ ರಾತ್ರಿಯವರೆಗೆ ಮರದ ಗಿರಕಿಯದೇ ಸದ್ದು.
ಮುಚ್ಚಳ ಹಾಕಿ, ಮೆಟ್ಟಿಲಿಳಿದು, ನೋಡಿದೆ:
ಕಾಯುವವರ ಪಟ್ಟಿಯಲ್ಲಿ ಏಳನೆಯವಳು.

ಏಳು. ಅಂದರೆ ನನ್ನ ಮುಂದೆ ಆರು ಮಂದಿ,
ಗುರುತಿಲ್ಲ, ಹೆಸರಿಲ್ಲ,
ಎಲ್ಲೆಲ್ಲಿಯೋ ಕೂತು ಇದೇ ಅಕ್ಷರ ಓದುತ್ತಿರುವವರು.
ಪ್ರಾರ್ಥನೆಗೆ ಮೊಣಕಾಲೂರಿದರೆ ಏನು ಬೇಡುವುದು?
ಅವರ ಕೈಬೆರಳಿಗೆ ಏನೂ ಆಗದಿರಲಿ.
ಅವರಿಗೆ ಇನ್ನೂ ದೊಡ್ಡ ಶಾಲೆ ಸಿಗಲಿ, ಸ್ಕಾಲರ್‌ಶಿಪ್ ಸಹಿತ,
ಆರೂ ಮಂದಿಗೆ, ಬೇಗ.
ಇಷ್ಟು ಉದಾರವಾಗಿ ನಾನು ಹಿಂದೆಂದೂ
ಪರರ ಒಳಿತನ್ನು ಬೇಡಿದವಳಲ್ಲ.

ಮೂರನೆಯ ಊರು ಇನ್ನೂ ಮಾತಾಡಿಲ್ಲ.
ಅಲ್ಲಿ ಯಾರೋ ಹೆಡ್‌ಫೋನ್ ಹಾಕಿಕೊಂಡು
ಆ ಖಾಲಿ ಜಾಗಕ್ಕೆ ಬಂದು ನಿಂತಿರಬಹುದು,
ಹಿಂದೆ ಸರಿಸಿ ಮತ್ತೊಮ್ಮೆ ಕೇಳುತ್ತಿರಬಹುದು.
ಅಥವಾ ಇನ್ನೂ ತೆರೆದೇ ಇಲ್ಲ.

ನಿನ್ನೆ ಗೇಟಿನ ಹತ್ತಿರ ಬ್ಯಾರಿಗೆ ಹೇಳಿಬಿಟ್ಟೆ:
"ನಿಮ್ಮ ಹಾರನ್ ಮೂರು ದೇಶಕ್ಕೆ ಹೋಗಿದೆ."
ಅವರು ತಕ್ಕಡಿ ಕೆಳಗಿಟ್ಟು ಯೋಚಿಸಿದರು.
"ಅಲ್ಲಿ ಬಂಗುಡೆ ಎಷ್ಟು ಬಾಯಮ್ಮ?"
ಗೊತ್ತಿಲ್ಲ ಎಂದೆ.
"ಯಾವಾಗ ಹೇಳುತ್ತಾರಂತೆ?"
ಅದೂ ಗೊತ್ತಿಲ್ಲ.
"ಜೂನಿನಲ್ಲಿ ಬೋಟು ನಿಲ್ಲುತ್ತದೆ, ಅಷ್ಟರೊಳಗೆ ಆದೀತಲ್ಲ,"
ಎನ್ನುತ್ತ ಒಂದು ಸಣ್ಣದನ್ನು ಲೆಕ್ಕದಾಚೆ
ಪಾತ್ರೆಗೆ ಹಾಕಿದರು.

ತಿರುವಿನಲ್ಲಿ ಮತ್ತೆ ಒತ್ತಿದರು. ಕಿವಿಗೊಟ್ಟೆ.
ಬಿ-ಫ್ಲ್ಯಾಟ್, ಕೂದಲೆಳೆಯಷ್ಟು ಕೆಳಗೆ.
ಲಿಗೋರಿ ಅಂಕಲ್ ಇದ್ದಿದ್ದರೆ
ನಿಲ್ಲಿಸಿ, ಬಿಚ್ಚಿ ನೋಡುತ್ತಿದ್ದರು.